ಇಮೋಜೀನಳಿಗೊಂದು ಜಾಡಿ

ಹಾರ್ಲನ್ಸ್ ಫೋರ್ಡ್, ನಾರ್ತ್ ಕ್ಯಾರೊಲೈನಾ
ಸೆಪ್ಟೆಂಬರ್ ೯

ರೋವೀನಾ,

ಸ್ವಸ್ಥ ಚಿತ್ತದಿಂದ, ಯಾರ ಒತ್ತಾಯವೂ ಇಲ್ಲದೆ ಈ ತಪ್ಪೊಪ್ಪಿಗೆಯನ್ನು ಬರೆದುಕೊಡುತ್ತಿದ್ದೇನೆ. ಕಳೆದ ಮಂಗಳವಾರ ಬೆಳಗ್ಗೆ ನಿನ್ನ ಅಮ್ಮನ ಅಡುಗೆಮನೆಯಿಂದ ಆಕೆಯ ಲಟ್ಟಣಿಗೆಯನ್ನು ನಾನು ಕದ್ದೆ. ಕೋಟಿನೊಳಗೆ ಬಚ್ಚಿಟ್ಟುಕೊಂಡು ಹೊರಗೆ ಸಾಗಿಸಿದೆ. ಮನೆ ನನ್ನದೇ, ಒಳಗಿದ್ದವನೂ ನಾನೊಬ್ಬನೇ. ಆದರೂ ಬಚ್ಚಿಟ್ಟುಕೊಂಡೆ; ಕಳ್ಳನಿಗೂ ಒಂದು ಶಿಸ್ತು ಬೇಡವೇ. ಬೆಣ್ಣೆಹಿಟ್ಟನ್ನು ಬಿಟ್ಟು ಬೇರೇನನ್ನೂ ಮುಟ್ಟದ ಆ ಲಟ್ಟಣಿಗೆಯಿಂದ ಬೆಳಗಿನಿಂದ ಮಧ್ಯಾಹ್ನದವರೆಗೂ ಮಣ್ಣು ಲಟ್ಟಿಸಿದೆ. ಶಿಕ್ಷೆಗೆ ಸಿದ್ಧನಿದ್ದೇನೆ.

ಫೋನಿನಲ್ಲಿ ನಾನು ಒಂದು ಜೋಕು ಹೇಳಿ ಇಟ್ಟುಬಿಡುತ್ತೇನೆ, ಏನೂ ತಿಳಿಯುವುದಿಲ್ಲ, ಆದ್ದರಿಂದ ಕಾಗದ ಬರೆ ಎಂದು ಹಟ ಹಿಡಿದವಳು ನೀನೇ. ಈಗ ಅನುಭವಿಸು. ನಾನು ಡವೀ ಕ್ಯಾವಿನೆಸ್‌ಳ ಮಡಕೆ ಮಾಡಲು ಕಲಿಸುವ ಕೊಟ್ಟಿಗೆಗೆ ಸೇರಿದ್ದೇನೆ. ಇಡೀ ಆಯುಷ್ಯ ಪತ್ರಿಕೆ ಮಾಡಿದವನು ಈಗ ಪಾತ್ರೆ ಮಾಡುತ್ತಾನಂತೆ ಎಂದು ಊರು ನಗುತ್ತಿದೆ. ನಗಲಿ. ನನ್ನ ಪತ್ರಿಕೆ ಓದಿ ಅವರು ನಕ್ಕಿದ್ದು ಅಪರೂಪ.

ವಿಷಯ ಇಷ್ಟು. ಕಪಾಟಿನಲ್ಲಿ, ಆಕೆಯ ಚಳಿಗಾಲದ ಕೋಟುಗಳ ಹಿಂದೆ ಇರುವ ಆ ಪ್ಲಾಸ್ಟಿಕ್ ಡಬ್ಬ ನಿನಗೆ ಗೊತ್ತು. ಅದನ್ನು ಚರ್ಚಿನ ಹಿತ್ತಲಲ್ಲಿ ಹೂಳಲು ನಾನು ಎರಡು ಸಲ ಒಪ್ಪಿ ಎರಡು ಸಲವೂ ಹಿಂದೆ ಸರಿದದ್ದೂ ಗೊತ್ತು. ಆ ಡಬ್ಬವನ್ನು ಸರಿಯಾಗಿ ನೋಡಿದ್ದೀಯಾ? ಅದರಲ್ಲಿ ಬೂಟು ಕೂಡ ಕಳಿಸಬಾರದು. ಒಂದು ಜಾಡಿ ನಾನೇ ಮಾಡುತ್ತೇನೆ, ನನ್ನ ಕೈಯಿಂದ, ಯಾರ ಸಹಾಯವೂ ಇಲ್ಲದೆ. ಅಲ್ಲಿಯವರೆಗೆ ಪಾದ್ರಿ ಗ್ಯಾರಿಸ್ ತನ್ನ ಗುದ್ದಲಿ ಒಳಗಿಟ್ಟುಕೊಳ್ಳಲಿ.

ಮೊದಲ ದಿನವೇ ಜಾಡಿ ಮಾಡಬೇಕು ಎಂದೆ. ಡವೀ ನನ್ನನ್ನು ಚೆನ್ನಾಗಿ ಜಾಡಿಸಿ, ಮೊದಲು ಚಪ್ಪಟೆ ತಟ್ಟೆ ಮಾಡಲು ಕೂರಿಸಿದಳು.

ನಿನ್ನ ಅಪ್ಪ,
ಥರ್ಮನ್ ಲ್ಯಾಸಿಟರ್, ಕುಂಬಾರ


ಡುಲೂತ್
ಸೆಪ್ಟೆಂಬರ್ ೨೨

ಅಪ್ಪ,

ಲಟ್ಟಣಿಗೆಯನ್ನು ಚೆನ್ನಾಗಿ ತೊಳೆದು ಒರೆಸಿ, ಇದ್ದಲ್ಲಿಯೇ ಇಡು. ಅದು ಶಿಕ್ಷೆ.

ಮೊಟ್ಟೆ ಬೇಯಿಸಲು ಹೋಗಿ ಪಾತ್ರೆ ಸುಟ್ಟವನು ಈಗ ಪಾತ್ರೆ ಸುಡುವುದನ್ನೇ ಕಲಿಯುತ್ತಿದ್ದಾನೆ ಎಂದರೆ, ಹುಟ್ಟುಗುಣಕ್ಕೆ ಸರಿಯಾದ ಶಾಲೆ ಸಿಕ್ಕಿತು ಎನ್ನಬೇಕು. ನಕ್ಕೆ, ನಿಜ. ನಕ್ಕಮೇಲೆ ಸಿಟ್ಟೂ ಬಂತು. ಹೋದ ವರ್ಷ ಏಪ್ರಿಲ್‌ನಲ್ಲಿ ಅಮ್ಮನ ಚಿತಾಭಸ್ಮ ಹೂಳುವುದಕ್ಕೆಂದು ನಾನು ರಜೆ ಹಾಕಿ ಅಷ್ಟು ದೂರದಿಂದ ಬಂದೆ. ಎಥ್ಲಿನ್ ಚಿಕ್ಕಮ್ಮ ಚರ್ಚಿನವರಿಗೆಲ್ಲ ಹಂದಿಮಾಂಸ ಬೇಯಿಸಿಟ್ಟಿದ್ದಳು. ನೀನು ಮಲಗುವ ಕೋಣೆಯ ಬಾಗಿಲು ಹಾಕಿಕೊಂಡು, ಒಳಗಿನಿಂದಲೇ "ಇವತ್ತು ಮೋಡ ಇದೆ" ಎಂದೆ. ಮೋಡ ಇರಲಿಲ್ಲ ಅಪ್ಪ.

ನನಗೆ ಇರುವ ಭಯ ಹೇಳಿಬಿಡುತ್ತೇನೆ. ಒಂದು ಜಾಡಿ ಸೊಟ್ಟ ಎನ್ನುತ್ತೀ, ಇನ್ನೊಂದರ ಬಣ್ಣ ಸರಿಯಿಲ್ಲ ಎನ್ನುತ್ತೀ, ಮತ್ತೊಂದಕ್ಕೆ ಮುಚ್ಚಳ ಕೂರುವುದಿಲ್ಲ ಎನ್ನುತ್ತೀ. ಹೀಗೇ ನಡೆದರೆ ಕೊನೆಗೆ ನಿನಗೇ ಒಂದು ಜಾಡಿ ಬೇಕಾಗುವ ಕಾಲ ಬರುತ್ತದೆ, ಅಮ್ಮ ಇನ್ನೂ ಕೋಟುಗಳ ಹಿಂದೆಯೇ ಇರುತ್ತಾಳೆ. ಅವಳಿಗೆ ಕತ್ತಲೆ ಕಂಡರೆ ಆಗುತ್ತಿರಲಿಲ್ಲ. ಹಜಾರದ ದೀಪ ಆರಿಸಲು ಬಿಡುತ್ತಿರಲಿಲ್ಲ.

ಮೇ ಕೊನೆಗೆ ನಾನು ಬರುತ್ತೇನೆ. ಅಷ್ಟರಲ್ಲಿ ಜಾಡಿ ಆದರೆ ಸರಿ, ಆಗದಿದ್ದರೆ ಅಂಗಡಿಯಿಂದ ಒಂದು ತರುತ್ತೇನೆ.

ಪ್ರೀತಿಯಿಂದ,
ರೋವೀನಾ


ಹಾರ್ಲನ್ಸ್ ಫೋರ್ಡ್
ನವೆಂಬರ್ ೧೪

ಮಗಳೇ,

ಅಂಗಡಿಯ ಮಾತು ಓದಿ ರಕ್ತ ಕುದಿಯಿತು. ಅದನ್ನು ತಣಿಸಿಕೊಳ್ಳಲು ಇಷ್ಟು ದಿನ ಬೇಕಾಯಿತು ಎಂದುಕೋ. ತಡವಾಗಿ ಉತ್ತರ ಬರೆಯುವುದಕ್ಕೆ ಇದಕ್ಕಿಂತ ಗೌರವದ ಕಾರಣ ನನ್ನ ಬಳಿ ಇಲ್ಲ.

ಈಗ ತಿಗರಿಯ ಮುಂದೆ ಕೂರಿಸಿದ್ದಾಳೆ. ತಿರುಗುವ ತಿಗರಿಯ ನಡುಮಧ್ಯಕ್ಕೆ ಮಣ್ಣಿನ ಮುದ್ದೆ ಬಂದು ಅಲುಗಾಡದೆ ನಿಲ್ಲಬೇಕು. ಅದಾಗದೆ ಮುಂದಿನದೇನೂ ಇಲ್ಲ. ನನ್ನ ಮುದ್ದೆ ಚುನಾವಣೆ ಸೋತ ಅಭ್ಯರ್ಥಿಯ ಹಾಗೆ ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ ವಾಲುತ್ತಿತ್ತು. ಸುಮ್ಮನಿರಲಾಗದೆ ಅದಕ್ಕೆ ಒಂದೆರಡು ಜೋಕು ಹೇಳಿದೆ. ಮಣ್ಣಿಗೆ ಜೋಕು ತಿಳಿಯುವುದಿಲ್ಲ ರೋವೀನಾ. ಮಣ್ಣು ಪಕ್ಕಾ ಮೆಥಡಿಸ್ಟ್, ಗ್ಯಾರಿಸ್‌ನ ಚರ್ಚಿನವರ ಹಾಗೆ ನಗುವುದೇ ಇಲ್ಲ.

ನನ್ನ ಪಕ್ಕದ ತಿಗರಿಯಲ್ಲಿ ಹಾಯ್ಟ್ ಬ್ರೂವರ್ ಇದ್ದಾನೆ, ಲಾರಿ ಓಡಿಸಿ ನಿವೃತ್ತನಾದವನು. ಈ ಸೀಮೆಯ ಹಳೆಯ ಪದ್ಧತಿಯಂತೆ ಮೋರೆಹೂಜಿ ಮಾಡುತ್ತಾನೆ. ಹೂಜಿಯ ಹೊಟ್ಟೆಗೆ ಕಣ್ಣು, ಮೂಗು, ಹಲ್ಲು ಅಂಟಿಸಿ ದೆವ್ವದಂತೆ ಕಾಣಿಸುವುದು. ಅವನವು ಎಲ್ಲವೂ ಅವನನ್ನು ಬಿಟ್ಟುಹೋದ ಹೆಂಡತಿಯ ಅಣ್ಣತಮ್ಮಂದಿರ ಮೋರೆಗಳು. ಆರೋಗ್ಯಕ್ಕೆ ಒಳ್ಳೆಯದಂತೆ. ನಾನು ಒದ್ದಾಡುವುದನ್ನು ನೋಡಿ ಹೇಳಿದ: "ಏನ್ ಎಡಿಟರ್ ಸಾಹೇಬ್ರೇ, ಮಣ್ಣನ್ನೂ ತಿದ್ದಕ್ ಹೊಂಟ್ರಾ?"

ಆಗ ಡವೀ ಬಂದು ನನ್ನ ಹಿಂದೆ ನಿಂತಳು. ಆಕೆ ಹೆಚ್ಚು ಮಾತಾಡುವವಳಲ್ಲ.

"ನೀವು ಅದನ್ನ ದಬ್ತಾ ಇದೀರಿ ಥರ್ಮನ್," ಎಂದಳು. "ದಬ್ಬಬೇಡಿ. ಮೊಣಕೈ ತೊಡೆಗೆ ಊರಿ, ಕೈ ಅದರ ಮೇಲೆ ಇಟ್ಟುಕೊಂಡು ಸುಮ್ನೆ ಇರಿ. ಅದು ತಾನಾಗೇ ನಿಮ್ ಹತ್ರ ಬರುತ್ತೆ."

ಸುಮ್ಮನಿರುವುದು. ನನಗೆ. ನಿನ್ನ ಅಮ್ಮ ಹತ್ತಿರದಲ್ಲಿದ್ದರೆ ಬಿದ್ದು ಬಿದ್ದು ನಗುತ್ತಿದ್ದಳು. ಆದರೂ ಕೈ ಇಟ್ಟುಕೊಂಡು ಕೂತೆ. ತಣ್ಣನೆಯ ಮಣ್ಣು ಅಂಗೈಯಲ್ಲಿ ಬೆಚ್ಚಗಾಗುತ್ತಾ ಹೋಯಿತು. ಎಷ್ಟು ಹೊತ್ತೋ ತಿಳಿಯದು, ಒಮ್ಮೆಗೇ ಅಲುಗಾಟ ನಿಂತುಹೋಯಿತು. ತಿಗರಿ ತಿರುಗುತ್ತಿದೆ, ಮಣ್ಣು ತಿರುಗುತ್ತಿದೆ, ಕೈಗೆ ಮಾತ್ರ ಏನೂ ತಿರುಗುತ್ತಿಲ್ಲ ಅನ್ನಿಸುತ್ತದೆ. ನಾನು ಗಟ್ಟಿಯಾಗಿ "ಇಮೋಜೀನ್, ನೋಡೇ" ಎಂದುಬಿಟ್ಟೆ. ನಿನ್ನ ಅಮ್ಮನ ಹೆಸರು ನನ್ನ ಬಾಯಿಂದ ಬಂದು ಎಷ್ಟೋ ಕಾಲವಾಗಿತ್ತು. ಕೊಟ್ಟಿಗೆಯಲ್ಲಿ ಯಾರೂ ತಲೆ ಎತ್ತಲಿಲ್ಲ. ಹಾಯ್ಟ್ ತನ್ನ ಭಾವಮೈದುನನೊಬ್ಬನ ಮೂಗು ತಿರುವುವುದರಲ್ಲಿ ಬಹಳ ಮಗ್ನನಾದ.

ಪ್ರಾರ್ಥನೆ ಎಂದರೆ ಬಾಯಿ ಮುಚ್ಚಿಕೊಂಡು ಇಷ್ಟು ಹೊತ್ತು ಇರುವುದು ಎಂದು ಪಾದ್ರಿ ಗ್ಯಾರಿಸ್ ಮೊದಲೇ ಹೇಳಿದ್ದರೆ ಚರ್ಚು ಬಿಡುತ್ತಿರಲಿಲ್ಲ. ಆತನೂ ಸುಮ್ಮನಿರಬೇಕಾಗುತ್ತಿತ್ತು, ಅದಕ್ಕೇ ಹೇಳಲಿಲ್ಲವೇನೋ.

ಬೇರೆ ಪೊಟ್ಟಣದಲ್ಲಿ ಒಂದು ಬಟ್ಟಲು ಕಳಿಸಿದ್ದೇನೆ. ನಾನೇ ಮಾಡಿದ್ದು.

ನಿನ್ನ ಅಪ್ಪ,
ಥರ್ಮನ್


ಡುಲೂತ್
ಡಿಸೆಂಬರ್ ೩

ಅಪ್ಪ,

ಬಟ್ಟಲು ಬಂತು. ಹಿಡಿಯೂ ಬಂತು, ಬೇರೆಯಾಗಿ. ಇಬ್ಬರನ್ನೂ ಕಿಟಕಿಯಲ್ಲಿ ಅಕ್ಕಪಕ್ಕ ಇಟ್ಟಿದ್ದೇನೆ, ರಾಜಿಯಾಗಬಹುದು. ಬಟ್ಟಲು ಎಷ್ಟು ಭಾರ ಎಂದರೆ ಬಂದರಿನ ಕಚೇರಿಯಲ್ಲಿ ನನ್ನ ಜೊತೆಗಿರುವವರು ಇದಕ್ಕೆ ಸರಪಳಿ ಕಟ್ಟಿ ಲಂಗರು ಮಾಡೋಣ ಎನ್ನುತ್ತಿದ್ದಾರೆ. ಆದರೂ ದಿನಾ ಅದರಲ್ಲೇ ಕಾಫಿ ಕುಡಿಯುತ್ತೇನೆ, ಎರಡೂ ಕೈಯಲ್ಲಿ ಹಿಡಿದು. ಇಲ್ಲಿಯ ಚಳಿಗೆ ಅದೇ ಹಿತ.

ಒಂದು ಮಾತು ಗಮನಿಸಿದೆ. ಸೆಪ್ಟೆಂಬರ್ ಕಾಗದದಲ್ಲಿ "ಡಬ್ಬ" ಎಂದಿದ್ದೆ. ಈ ಕಾಗದದಲ್ಲಿ ಡಬ್ಬ ಎಲ್ಲೂ ಇಲ್ಲ, ಅಮ್ಮನ ಹೆಸರಿದೆ.

ನಾನೂ ಹೇಳಲೇ? ಅವಳ ಬೆಣ್ಣೆ ಬಿಸ್ಕತ್ತನ್ನು ಇವತ್ತಿನವರೆಗೂ ನಾನು ಮಾಡಿಲ್ಲ. ಹಿಟ್ಟು ಬೆಣ್ಣೆ ಎಲ್ಲ ತೆಗೆದಿಡುತ್ತೇನೆ. ಆಮೇಲೆ ಬೇರೆ ಏನಾದರೂ ಮಾಡುತ್ತೇನೆ.

ನಿನ್ನ,
ರೋವೀನಾ


ಹಾರ್ಲನ್ಸ್ ಫೋರ್ಡ್
ಫೆಬ್ರುವರಿ ೨೦

ರೋವೀನಾ,

ಆಯಿತು! ಅಂದರೆ ಸುಡುವುದೊಂದು ಬಾಕಿ. ಜಾಡಿ ಎದ್ದು ನಿಂತಿದೆ.

ಡವೀಯ ಅಜ್ಜಿಯ ಕಾಲದ ಒಂದು ಹಳೆಯ ಜಾಡಿ ಕೊಟ್ಟಿಗೆಯಲ್ಲಿದೆ: ತುಂಬಿದ ಭುಜ, ಇಳಿಜಾರಾದ ಸೊಂಟ, ಟೊಪ್ಪಿಯಂಥ ಮುಚ್ಚಳ. ಈ ಸಲ ಎಲ್ಲರೂ ಅದನ್ನೇ ನೋಡಿ ಒಂದೊಂದು ಮಾಡಬೇಕೆಂದಳು. ಎಲ್ಲರೂ ಮಾಡಿದರು, ಆದರೆ ನನ್ನದು ಜಾಡಿ. ಅಳತೆ ಹೇಗೆ ಹಿಡಿದೆ ಗೊತ್ತೇ? ಅಮ್ಮನನ್ನು ಅಲ್ಲಿ ಇಲ್ಲಿ ಸುರಿದು ನೋಡುವ ಮಾತೇ ಇಲ್ಲವಲ್ಲ. ಆ ಡಬ್ಬದಷ್ಟೇ ದೊಡ್ಡದೊಂದು ಖಾಲಿ ಡಬ್ಬ ಹುಡುಕಿ, ಅದರ ತುಂಬ ಜೋಳದ ರವೆ ಸುರಿದು, ಆ ರವೆಯನ್ನು ಲೋಟದಿಂದ ಅಳೆದು, ಅಷ್ಟೇ ಹಿಡಿಯುವಂತೆ ಜಾಡಿ ಎತ್ತಿದೆ. ಒಂದು ಕಾಳು ಹೆಚ್ಚಿಲ್ಲ, ಒಂದು ಕಾಳು ಕಡಿಮೆಯಿಲ್ಲ. ಆ ರವೆಯನ್ನು ಇನ್ನೂ ತಿನ್ನುತ್ತಿದ್ದೇನೆ, ಬೆಳಗ್ಗೆ ಗಂಜಿ, ರಾತ್ರಿ ಗಂಜಿ.

ಮುಂದಿನ ವಾರ ಮಡಕೆ ಸುಡುವ ಆವಿಗೆಗೆ ಬೆಂಕಿ. ಗುಡ್ಡಕ್ಕೆ ಒರಗಿದ ಉದ್ದನೆಯ ಇಟ್ಟಿಗೆ ಆವಿಗೆ ಅದು, ಒಳಗೆ ತೆವಳಿಕೊಂಡೇ ಹೋಗಬೇಕು. ಪಾಳಿಯ ಮೇಲೆ ಸೌದೆ ಹಾಕಬೇಕು, ಉರಿ ಏರಿದಾಗ ಮೇಲಿನ ಕಂಡಿಗಳಿಂದ ಉಪ್ಪು ಎರಚಬೇಕು. ಮೆರುಗು ಬರುವುದು ಅದರಿಂದ. ಬಾಗಿಲ ಮೇಲೆ ಆವಿಗೆಯ ದೇವರನ್ನು ಕೂರಿಸದೆ ಬೆಂಕಿ ಹಚ್ಚುವಂತಿಲ್ಲ. ಅಂಗೈಯಗಲದ ಮಣ್ಣಿನ ಮೂರ್ತಿ. ಹೊಸದಾಗಿ ಸೇರಿದವರೇ ಮಾಡಬೇಕೆಂದು ನಿಯಮ. ನಾನು ಮಾಡಿದ ದೇವರಿಗೆ ಭಾನುವಾರದ ಟೊಪ್ಪಿ ಇದೆ, ಸೊಂಟದ ಮೇಲೆ ಕೈ ಇದೆ, "ಕಾಲು ಒರೆಸಿಕೊಂಡು ಒಳಗೆ ಬಾ" ಎನ್ನುವ ಮುಖ ಇದೆ. ಯಾರನ್ನು ಹೋಲುತ್ತದೆ ಎಂದು ನೀನು ಕೇಳಬೇಡ, ನಾನು ಹೇಳುವುದಿಲ್ಲ. ಪಾದ್ರಿ ಗ್ಯಾರಿಸ್ ನೋಡಲು ಬಂದು, ಇದು ಮೂರ್ತಿಪೂಜೆ ಅಲ್ಲವೇ ಥರ್ಮನ್ ಎಂದು ರಾಗ ಎಳೆದ. ಹೌದು, ಮದುವೆಯಾದ ದಿನದಿಂದ ಮಾಡುತ್ತಿದ್ದೇನೆ ಎಂದೆ.

ನಿನ್ನ ಅಪ್ಪ,
ಥರ್ಮನ್ ಲ್ಯಾಸಿಟರ್, ಮಹಾಕುಂಬಾರ


ಹಾರ್ಲನ್ಸ್ ಫೋರ್ಡ್
ಮಾರ್ಚ್ ೧೮

ಕಂದಾ,

ಒಂದೇ ಉಸಿರಿಗೆ ಓದು, ನಡುವೆ ಕಾಫಿಗೆ ಏಳಬೇಡ.

ಆವಿಗೆ ತಣಿದ ಮೇಲೆ ಬಾಗಿಲಿನ ಇಟ್ಟಿಗೆ ಒಂದೊಂದಾಗಿ ತೆಗೆದರು. ಒಳಗಿಟ್ಟದ್ದು ಯಾವುದೂ ಇಟ್ಟ ಹಾಗೆ ಹೊರಬರುವುದಿಲ್ಲ. ಬೂದಿ ಬಣ್ಣದ್ದು ಹಸಿರಾಗಿರುತ್ತದೆ, ಮಂಕಾದದ್ದು ಹೊಳೆಯುತ್ತಿರುತ್ತದೆ, ಹೆತ್ತವರಿಗೇ ಮಕ್ಕಳ ಗುರುತು ಹತ್ತುವುದಿಲ್ಲ. ಆದರೆ ನನ್ನದನ್ನು ನಾನು ಕಂಡಕೂಡಲೇ ಹಿಡಿದೆ. ನಾಲ್ಕನೆಯ ಸಾಲಿನಲ್ಲಿ ನಿಂತಿತ್ತು. ಜೇನಿನ ಬಣ್ಣ, ಭುಜದಿಂದ ಕೆಳಗೆ ಹಸಿರು ಹನಿಗಳು ಇಳಿದು ಅರ್ಧದಲ್ಲಿ ಮನಸ್ಸು ಬದಲಿಸಿ ನಿಂತಿವೆ. ಎರಡೂ ಕೈಯಲ್ಲಿ ಎದೆಗೆ ಅವಚಿಕೊಂಡೆ, ಇನ್ನೂ ಬೆಚ್ಚಗಿತ್ತು. ಡವೀ ನನ್ನನ್ನೇ ನೋಡುತ್ತಾ ನಿಂತಿದ್ದಳು, ಏನೂ ಅನ್ನಲಿಲ್ಲ. ಹಾಯ್ಟ್ ಕೂಡ ಬಾಯಿ ಬಿಡಲಿಲ್ಲ. ಹೊಟ್ಟೆಕಿಚ್ಚು ಇರಬೇಕು, ಪಾಪ.

ಭಾನುವಾರ ನಿನ್ನ ಎಥ್ಲಿನ್ ಚಿಕ್ಕಮ್ಮನನ್ನು ಕರೆಸಿದೆ. ಅಡುಗೆಮನೆಯ ಮೇಜಿನ ಮೇಲೆ ಇಸ್ತ್ರಿ ಮಾಡಿದ ಬಿಳಿ ಬಟ್ಟೆ ಹಾಸಿದೆವು. ಡಬ್ಬ ತಂದೆ. ನಾನೇ ತಂದೆ, ಕೋಟುಗಳನ್ನು ಸರಿಸಿ. ಇಬ್ಬರೂ ಮುಖ ಗಂಟಿಕ್ಕಿಕೊಂಡು, ಉಸಿರು ಬಿಗಿಹಿಡಿದು ನಿಧಾನವಾಗಿ ಸುರಿದೆವು. ಜಾಡಿ ತುಂಬಿತು. ಡಬ್ಬದಲ್ಲಿ ಇನ್ನೂ ಇತ್ತು! ಕುಲುಕಿದೆ, ತಟ್ಟಿದೆ; ಕಂಠದವರೆಗೆ ಬಂದು ನಿಂತಳು. ಉಳಿದದ್ದು ಒಂದು ಒಳ್ಳೆಯ ಕಾಫಿ ಬಟ್ಟಲಿನಷ್ಟು.

ಆಗ ನೆನಪಾಯಿತು. ಮಣ್ಣು ಒಣಗುವಾಗ ಒಮ್ಮೆ ಕುಗ್ಗುತ್ತದೆ, ಸುಡುವಾಗ ಇನ್ನೊಮ್ಮೆ ಕುಗ್ಗುತ್ತದೆ, ಆದ್ದರಿಂದ ಹಸಿಯಲ್ಲಿ ದೊಡ್ಡದಾಗಿ ಎತ್ತಬೇಕು ಎಂದು ಮೊದಲ ದಿನವೇ ಡವೀ ಹೇಳಿದ್ದಳು. ಆ ಹೊತ್ತಿನಲ್ಲಿ ನಾನು ಹಾಯ್ಟ್‌ಗೆ ಜೋಕು ಹೇಳುತ್ತಿದ್ದೆ. ಒಣಗಿದ ರವೆಯ ಲೆಕ್ಕಕ್ಕೆ ಹಸಿಮಣ್ಣಿನ ಜಾಡಿ ಮಾಡಿದ ಜಾಣ ಈ ಸೀಮೆಯಲ್ಲಿ ನಾನೊಬ್ಬನೇ.

ಎಥ್ಲಿನ್ ಡಬ್ಬದೊಳಗೆ ಇಣುಕಿ ನೋಡಿದಳು, ಜಾಡಿ ನೋಡಿದಳು, ನನ್ನನ್ನು ನೋಡಿದಳು. "ಭಾವ," ಎಂದಳು, "ಅಕ್ಕ ಯಾವತ್ತು ನೀವು ಹೇಳಿದ ಅಳತೆಗೆ ಹಿಡಿದಿದ್ಲು?"

ಅಷ್ಟೆ. ನನಗೆ ನಗು ಕಿತ್ತುಕೊಂಡು ಬಂತು. ಆಕೆಗೂ ಬಂತು. ನಕ್ಕು ನಕ್ಕು ಇಬ್ಬರೂ ಅಡುಗೆಮನೆಯ ನೆಲದ ಮೇಲೆ ಕೂತೆವು. ಎಥ್ಲಿನ್‌ಳ ಕೃತಕ ಹಲ್ಲು ಕಳಚಿ ಕೈಗೆ ಬಂತು, ಅದನ್ನು ನೋಡಿ ಮತ್ತೆ ನಕ್ಕೆವು. ನಗು ಯಾವಾಗ ಅಳುವಾಯಿತೋ, ಅಳು ಯಾವಾಗ ಮತ್ತೆ ನಗುವಾಯಿತೋ ನೆನಪಿಲ್ಲ. ಎದ್ದಾಗ ಮೊಣಕಾಲು ನೋಯುತ್ತಿತ್ತು; ಎದೆ ಮಾತ್ರ ತೊಳೆದಿಟ್ಟ ಪಾತ್ರೆಯ ಹಾಗಿತ್ತು.

ಮುಚ್ಚಳ ಹಾಕಿದೆ. ಗ್ಯಾರಿಸ್‌ಗೆ ಫೋನು ಮಾಡಿ ಮೇ ಕೊನೆಯ ಶನಿವಾರ ಎಂದೆ. ಮೋಡ ಇದ್ದರೂ ಸರಿ ಎಂದೆ.

ಉಳಿದ ಬಟ್ಟಲಿನಷ್ಟು ಅಮ್ಮನನ್ನು ಏನು ಮಾಡಲಿ, ಹೇಳು.

ಅಪ್ಪ


ಡುಲೂತ್
ಏಪ್ರಿಲ್ ೨

ಅಪ್ಪ,

ಕಾಗದವನ್ನು ಕಚೇರಿಯಲ್ಲಿ ಓದಿದೆ, ಅದು ತಪ್ಪಾಯಿತು. ಎದುರಿಗಿದ್ದ ಹಡಗಿನ ಕಪ್ತಾನ ನನಗೆ ಕೈವಸ್ತ್ರ ಕೊಟ್ಟು, ಯಾರಿಗೆ ಏನಾಯಿತಮ್ಮ ಎಂದು ಕೇಳಿದ. ನಮ್ಮಮ್ಮ ಜಾಡಿಗೆ ಹಿಡಿಸ್ತಿಲ್ಲ ಎಂದೆ. ಅವನು ಕೈವಸ್ತ್ರ ಬಿಟ್ಟು ಹೋಗಿಬಿಟ್ಟ.

ಆ ಬಟ್ಟಲಿನಷ್ಟು ನನಗೆ ಬೇಕು. ನೀನು ಕೇಳುವ ಮೊದಲೇ ಅದು ನನ್ನದಾಗಿತ್ತು ಅನ್ನಿಸುತ್ತಿದೆ. ಅದಕ್ಕೊಂದು ಸಣ್ಣ ಜಾಡಿ ಮಾಡಿಕೊಡು, ದೊಡ್ಡದರ ಮಗುವಿನಂತೆ ಇರಲಿ. ಕಿಟಕಿಯಲ್ಲಿ, ಸರೋವರ ಕಾಣುವಲ್ಲಿ, ಬೆಳಕಿರುವಲ್ಲಿ ಇಡುತ್ತೇನೆ. ಈ ಸಲ ಅಳತೆ ಮಾಡುವಾಗ ಬಾಯಿ ಮುಚ್ಚಿಕೊಂಡಿರು.

ಇಲ್ಲಿ ಎಲ್ಲರಿಗೂ ಹೇಳಿದ್ದೇನೆ, ನಮ್ಮಪ್ಪ ತಾನೇ ಮಾಡಿದ ಜಾಡಿ ಎಂದು. ನನಗೇ ಗೊತ್ತಿಲ್ಲದಷ್ಟು ಹೆಮ್ಮೆ ನನ್ನ ದನಿಯಲ್ಲಿತ್ತಂತೆ.

ರೋವೀನಾ

ನಿನ್ನೆ ಬಿಸ್ಕತ್ತು ಮಾಡಿದೆ. ಕಲ್ಲಿನಂತಾಯಿತು. ಪೂರ್ತಿ ತಿಂದೆ.


ಹಾರ್ಲನ್ಸ್ ಫೋರ್ಡ್
ಜೂನ್ ೨೧

ಮಗಳೇ,

ನೀನು ಕ್ಷೇಮವಾಗಿ ತಲುಪಿದ ಸುದ್ದಿ ಬಂತು. ಸಣ್ಣ ಜಾಡಿಯನ್ನು ವಿಮಾನದಲ್ಲಿ ಮಡಿಲಲ್ಲೇ ಇಟ್ಟುಕೊಂಡಿದ್ದೆಯಂತೆ. ಅದರ ಮುಚ್ಚಳ ಒಂದು ಬದಿಗೆ ಜಾರುತ್ತದೆ, ತಳ ಕುಂಟುತ್ತದೆ, "ದೊಡ್ಡದರ ಮಗುವಂತೂ ಅಲ್ಲ, ಯಾರೋ ದತ್ತು ಕೊಟ್ಟಿರಬೇಕು" ಎಂದು ನೀನು ಎಲ್ಲರೆದುರಿಗೆ ಅಂದಾಗ ನಾನು ನಕ್ಕು ಸುಮ್ಮನಾದೆ. ಸುಮ್ಮನಿರುವ ವಿದ್ಯೆ ಅಷ್ಟರಮಟ್ಟಿಗೆ ಬಂದಿದೆ.

ಆ ಶನಿವಾರದ ಬಗ್ಗೆ ನಿನಗೆ ಬರೆಯಬೇಕಾದದ್ದು ಹೆಚ್ಚಿಲ್ಲ, ನೀನೇ ಇದ್ದೆ. ನೀನು ನೋಡದ ಒಂದು ಸಂಗತಿ: ಎಲ್ಲರೂ ಊಟಕ್ಕೆ ನಡೆದ ಮೇಲೆ ನಾನು ಹಿಂದೆ ಉಳಿದು, ಮೊಣಕಾಲೂರಿ, ಕೊನೆಯ ಮಣ್ಣನ್ನು ಗುದ್ದಲಿ ಇಲ್ಲದೆ ಕೈಯಲ್ಲೇ ಎಳೆದು ತಟ್ಟಿದೆ. ಅಂಗೈ ಊರಿ ಸ್ವಲ್ಪ ಹೊತ್ತು ಹಾಗೇ ಇದ್ದೆ. ಏನೂ ಅಲುಗಾಡುತ್ತಿರಲಿಲ್ಲ. ಎದ್ದು ಬಂದು ಎಥ್ಲಿನ್ ಬೇಯಿಸಿದ ಹಂದಿಮಾಂಸವನ್ನು ಎರಡು ಸಲ ಹಾಕಿಸಿಕೊಂಡೆ. ಕಪಾಟಿನಿಂದ ಕೋಟುಗಳನ್ನು ತೆಗೆದು ಚರ್ಚಿಗೆ ಕೊಟ್ಟಿದ್ದೇನೆ. ಒಂದನ್ನು ನಿನಗೆಂದು ಇಟ್ಟಿದ್ದೇನೆ, ಹಸಿರು ಬಣ್ಣದ್ದು.

ಇಷ್ಟಕ್ಕೇ ಸಹಿ ಹಾಕಿ ಮುಗಿಸಬಹುದಿತ್ತು. ಮುಗಿಸಿ, ಲಕೋಟೆಗೂ ಹಾಕಿದ್ದೆ. ಮತ್ತೆ ಹೊರತೆಗೆದಿದ್ದೇನೆ. ಪತ್ರಿಕೆಯಲ್ಲಿ ತಪ್ಪು ಅಚ್ಚಾದರೆ ತಿದ್ದುಪಡಿ ಹಾಕುವುದು ಸಂಪಾದಕನ ಧರ್ಮ.

ಮೊನ್ನೆ ಗುರುವಾರ ಕೊಟ್ಟಿಗೆಯ ಹಿಂದಿನ ಅಟ್ಟಣಿಗೆ ಗುಡಿಸುತ್ತಿದ್ದೆ. ಅಲ್ಲಿ ಒಂದು ಜಾಡಿ ಇತ್ತು. ಭುಜ ಒಂದು ಕಡೆ ಇಳಿದು, ಬಾಯಿ ಆಕಳಿಸುವ ಹಾಗೆ ಅಂಡಾಕಾರವಾಗಿ, ಯಾರೋ ಮೇಲೆ ಕೂತು ಎದ್ದ ಟೊಪ್ಪಿಯಂತಿತ್ತು. ಯಾವ ಮಹಾನುಭಾವನ ಕೃತಿಯಪ್ಪಾ ಇದು ಎಂದು ನಗುತ್ತಾ ತಿರುವಿ ನೋಡಿದೆ. ತಳದಲ್ಲಿ ನನ್ನ ಗುರುತು ಗೀರಿತ್ತು. ನನ್ನ ಗುರುತನ್ನು ಯಾರೋ ನಕಲು ಮಾಡಿದ್ದಾರೆ ಎಂದು ಡವೀ ಹತ್ತಿರ ವಾದ ಮಾಡಿದೆ. ಸಾಕಷ್ಟು ಚೆನ್ನಾಗಿಯೇ ಮಾಡಿದೆ. ಆಕೆ ಕೈ ಒರೆಸಿಕೊಳ್ಳುತ್ತಾ ಪೂರ್ತಿ ಕೇಳಿಸಿಕೊಂಡಳು.

"ಅದು ನಿಮ್ದೇ ಥರ್ಮನ್. ಆವಿಗೆ ತೆಗೆದ ದಿನದಿಂದ ಅಲ್ಲೇ ಇದೆ. ನೀವು ಇನ್ನೊಂದನ್ನ ಅಪ್ಪಿಕೊಂಡು ನಿಂತಿದ್ರಲ್ಲ, ಆ ಮುಖ ನೋಡಿ ನಾನು ಹಾಯ್ಟ್ ಕಡೆ ನೋಡ್ದೆ. ಬೇಡ ಅಂತ ತಲೆ ಅಲ್ಲಾಡಿಸ್ದ. ಆಮೇಲೆ ನಾನ್ಯಾಕೆ ಮಾತಾಡ್ಲಿ?"

ಹೌದು ರೋವೀನಾ. ಆವಿಗೆಯಿಂದ ನಾನು ಎತ್ತಿಕೊಂಡ ಆ ಜೇನುಬಣ್ಣದ ಜಾಡಿ ಹಾಯ್ಟ್ ಬ್ರೂವರನದು. ತಳ ತಿರುವಿ ನೋಡಬೇಕೆಂದು ನನಗೆ ಹೊಳೆಯಲೇ ಇಲ್ಲ. ಅಷ್ಟು ಚೆನ್ನಾಗಿರುವುದು ನನ್ನದಲ್ಲದೆ ಇನ್ನಾರದ್ದಿರುತ್ತದೆ ಎಂಬ ವಿನಯ. ಮಣ್ಣು ಕುಗ್ಗುವ ಬಗ್ಗೆ ನಿನಗೆ ಅಷ್ಟುದ್ದ ಪಾಠ ಹೇಳಿದ್ದೂ ವ್ಯರ್ಥ. ಆ ಜಾಡಿ ಹಿಡಿಯಬೇಕಾದಷ್ಟನ್ನೇ ಹಿಡಿಯುತ್ತಿತ್ತು, ಕುಗ್ಗಿದವನು ಈಗ ನಾನು.

ಹಾಯ್ಟ್‌ನ ಹತ್ತಿರ ಹೋದೆ, ಟೊಪ್ಪಿ ಕೈಯಲ್ಲಿ ಹಿಡಿದು. ಮಾಡಿದ ತಪ್ಪು ಹೇಳಿದೆ, ಮಣ್ಣಿನಿಂದ ಮತ್ತೆ ತೆಗೆಸಿಕೊಡಲೇ ಎಂದೂ ಕೇಳಿದೆ. ಆತ ಹೂಜಿಯೊಂದರ ಹಲ್ಲು ಸರಿಮಾಡುತ್ತಲೇ, "ಬಿಡಿ ಎಡಿಟರ್ ಸಾಹೇಬ್ರೇ, ಇಮೋಜೀನಮ್ಮ ನನ್ ಮದ್ವೆಗೆ ಕೇಕ್ ಮಾಡಿದ್ರು. ಆ ಮದ್ವೇಲಿ ಚೆನ್ನಾಗಿದ್ದಿದ್ದು ಅದೊಂದೇ," ಎಂದ.

ಅದನ್ನು ನೀನು ಯಾವುದಕ್ಕೆಂದು ಮಾಡಿಕೊಂಡಿದ್ದೆ ಎಂದು ನಾನು ಆತನನ್ನು ಕೇಳಬಾರದಿತ್ತು. ಕೇಳಿದೆ.

ಆದ್ದರಿಂದ ಡುಲೂತ್ ಬಂದರಿನಲ್ಲಿ ನೀನು ಯಾರ್ಯಾರ ಮುಂದೆ ಹೆಮ್ಮೆಪಟ್ಟಿದ್ದೀಯೋ ಅವರಿಗೆ ತಿಳಿಸುವುದು ಬಿಡುವುದು ನಿನಗೆ ಬಿಟ್ಟದ್ದು. ಕಿಟಕಿಯಲ್ಲಿ ಕುಂಟುತ್ತಾ ಕೂತಿರುವ ನಿನ್ನ ಸಣ್ಣ ಜಾಡಿ, ಅದೊಂದು ಮಾತ್ರ ಅಪ್ಪಟ ನಾನು ಮಾಡಿದ್ದು. ತಿರುವಿ ನೋಡಿ ಖಾತ್ರಿ ಮಾಡಿಕೊಂಡೇ ಕೊಟ್ಟಿದ್ದೆ. ಇಲ್ಲಿ, ಚರ್ಚಿನ ಹಿತ್ತಲಲ್ಲಿ, ಪಾದ್ರಿಯ ಪ್ರಾರ್ಥನೆ, ನಿನ್ನ ಹೂವು, ನನ್ನ ಭಾಷಣ ಎಲ್ಲದರ ಸಮೇತ ನಿನ್ನ ಅಮ್ಮ ಮಲಗಿರುವುದು ಹಾಯ್ಟ್ ಸೌತೆಕಾಯಿ ಉಪ್ಪಿನಕಾಯಿಗೆಂದು ಮಾಡಿಕೊಂಡಿದ್ದ ಜಾಡಿಯಲ್ಲಿ.

ನಿನ್ನ ಅಪ್ಪ,
ಥರ್ಮನ್